ಗರ್ಭಕೋಶ ತೆಗೆಸಿದ ಮೇಲೂ ‘ಕರೆಂಟ್’ ಯಾಕೆ? ಕೋಲಾರದ ಹೆಣ್ಣುಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ. ಈಗ ಬೆಂಗಳೂರಿನ ಒಂದು ಆಸ್ಪತ್ರೆಯ ರೇಡಿಯೇಶನ್ ವಿಭಾಗದಲ್ಲಿ ನರ್ಸ್. ಆರು ವರ್ಷದ ಹಿಂದೆ ನನ್ನ ಸ್ವಂತ ಅಕ್ಕನಿಗೇ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಂತು. ಮೊದಲ ಹಂತ. ಆಪರೇಷನ್ ಆಯಿತು, ಆಮೇಲೆ 25 ದಿನ ರೇಡಿಯೇಶನ್ ಆಯಿತು. ಅಲ್ಲಿಂದೀಚೆಗೆ ಊರ ಕಡೆಯಿಂದ ಫೋನ್ ಬರುತ್ತಲೇ ಇರುತ್ತದೆ. ಮುಳಬಾಗಿಲು, ಮಾಲೂರು, ಬಂಗಾರಪೇಟೆ, ಕೆಜಿಎಫ್, ಎಲ್ಲ ಕಡೆಯಿಂದ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಮ್ಮ ಕಡೆ ರೇಡಿಯೇಶನ್‌ಗೆ ‘ಕರೆಂಟ್ ಕೊಡೋದು’ ಅಂತಲೇ ಹೇಳುತ್ತಾರೆ, ಅದಕ್ಕೇ ನಾನೂ ಅಲ್ಲಲ್ಲಿ ಆ ಮಾತು ಬಳಸಿದ್ದೇನೆ.

ಗರ್ಭಕೋಶವನ್ನೇ ತೆಗೆದರು, ಗಡ್ಡೆ ಪೂರ್ತಿ ಹೋಯ್ತು ಅಂದ್ರು. ಮತ್ತೆ ಕರೆಂಟ್ ಯಾಕೆ?

ಗಡ್ಡೆ ಹೋಗಿರುವುದು ನಿಜ. ಯಾರೂ ನಿಮಗೆ ಸುಳ್ಳು ಹೇಳಿಲ್ಲ. ಆದರೆ ಗಡ್ಡೆ ಇದ್ದ ಜಾಗದ ಸುತ್ತ ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಕ್ಯಾನ್ಸರ್ ಕಣಗಳು ಉಳಿದಿರಬಹುದು. ರಾಗಿ ಹೊಲದಲ್ಲಿ ಗರಿಕೆ ಕಿತ್ತವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಹೊಲ ಚೊಕ್ಕಟವಾಗಿ ಕಾಣುತ್ತದೆ. ಬೇರಿನ ಒಂದು ತುಂಡು ಮಣ್ಣಲ್ಲಿ ಉಳಿದರೂ ಮಳೆ ಬಿದ್ದಮೇಲೆ ಮತ್ತೆ ಚಿಗುರುತ್ತದೆ. ಆ ತುಂಡು ಉಳಿದಿರುವ ಸಾಧ್ಯತೆ ಜಾಸ್ತಿ ಇದೆ ಅನ್ನಿಸಿದವರಿಗೆ ಮಾತ್ರ ಕಿಬ್ಬೊಟ್ಟೆಯ ಭಾಗಕ್ಕೆ ರೇಡಿಯೇಶನ್ ಕೊಡುತ್ತಾರೆ.

ಎಲ್ಲರಿಗೂ ಬೇಕಾಗುವುದಿಲ್ಲ. ಆಪರೇಷನ್ ಆಗಿ, ರಿಪೋರ್ಟ್ ಚೆನ್ನಾಗಿ ಬಂದು, ಬರೀ ಚೆಕಪ್ಪಿಗೆ ಬಂದುಹೋಗುವವರು ಎಷ್ಟೋ ಜನ ಇದ್ದಾರೆ. ಪಕ್ಕದ ಬೆಡ್ಡಿನವರಿಗೆ ಕೊಟ್ಟರು, ನನಗೆ ಯಾಕಿಲ್ಲ ಅಂತ ಗಾಬರಿಯಾಗಬೇಡಿ.

ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಹೇಗೆ ಗೊತ್ತಾಗುತ್ತದೆ?

ಆಪರೇಷನ್ ಆದಮೇಲೆ ಬರುವ ಬಯಾಪ್ಸಿ ರಿಪೋರ್ಟಿನಿಂದ. ತೆಗೆದ ಗರ್ಭಕೋಶ, ಅದರ ಪಕ್ಕದ ಅಂಗಾಂಶ, ಲಿಂಫ್ ಗ್ರಂಥಿಗಳು (ಮೈಯಲ್ಲಿ ಸೋಂಕನ್ನು ತಡೆಯುವ ಸಣ್ಣ ಗಂಟುಗಳು), ಎಲ್ಲವನ್ನೂ ಸಣ್ಣಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಿಮ್ಮ ಕೈಲಿರುವ ಕಾಗದಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ವೈದ್ಯರು ಮೊದಲು ಮೂರು ವಿಷಯ ಹುಡುಕುತ್ತಾರೆ. ಲಿಂಫ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯಾ, ಗರ್ಭಕೋಶದ ಪಕ್ಕದ ಅಂಗಾಂಶಕ್ಕೆ ಅಂದರೆ ಪ್ಯಾರಾಮೆಟ್ರಿಯಂಗೆ ಹೋಗಿದೆಯಾ, ಕತ್ತರಿಸಿದ ಅಂಚಿನಲ್ಲಿ ಉಳಿದಿದೆಯಾ. ಈ ಮೂರರಲ್ಲಿ ಒಂದೇ ಒಂದು ಇದ್ದರೂ ಅಪಾಯ ಜಾಸ್ತಿ ಅಂತ ಲೆಕ್ಕ. ಅಂಥವರಿಗೆ ರೇಡಿಯೇಶನ್ ಜೊತೆ ಕೀಮೋ ಕೂಡ ಸೇರಿಸುತ್ತಾರೆ.

ಈ ಮೂರೂ ಇಲ್ಲದಿದ್ದರೆ ಮುಂದಿನ ಮೂರು ನೋಡುತ್ತಾರೆ. ಗಡ್ಡೆ ಎಷ್ಟು ದೊಡ್ಡದಿತ್ತು, ಗರ್ಭಕಂಠದ ಗೋಡೆಯೊಳಗೆ ಎಷ್ಟು ಆಳಕ್ಕೆ ಇಳಿದಿತ್ತು, ಸಣ್ಣ ರಕ್ತನಾಳ ಮತ್ತು ಲಿಂಫ್ ನಾಳಗಳ ಒಳಗೆ ಕ್ಯಾನ್ಸರ್ ಕಣ ಕಂಡಿತ್ತಾ. ಕೊನೆಯದನ್ನು ರಿಪೋರ್ಟಿನಲ್ಲಿ ‘ಎಲ್‌ವಿಎಸ್‌ಐ’ ಅಂತ ಬರೆದಿರುತ್ತಾರೆ. ಇವುಗಳಲ್ಲಿ ಒಂದೇ ಇದ್ದರೆ ಸಾಮಾನ್ಯವಾಗಿ ಬಿಡುತ್ತಾರೆ. ಎರಡು ಸೇರಿದರೆ, ಉದಾಹರಣೆಗೆ 4 ಸೆಂಟಿಮೀಟರ್ ಗಡ್ಡೆ ಗೋಡೆಯ ಆಳಕ್ಕೂ ಇಳಿದಿದ್ದರೆ, ರೇಡಿಯೇಶನ್ ಸಲಹೆ ಬರುತ್ತದೆ. ಇದಕ್ಕೆ ‘ಸೆಡ್ಲಿಸ್’ ಲೆಕ್ಕ ಅಂತ ಹೆಸರು.

ಹಾಗಾಗಿ ವೈದ್ಯರ ಮುಂದೆ ಕೂತಾಗ ಒಂದೇ ಪ್ರಶ್ನೆ ಕೇಳಿ: ‘ಡಾಕ್ಟ್ರೇ, ನನ್ನ ರಿಪೋರ್ಟಿನಲ್ಲಿ ಯಾವ ಕಾರಣಕ್ಕೆ ಕೊಡ್ತಿದ್ದೀರಿ? ಆ ಸಾಲು ತೋರಿಸಿ.’ ಕೇಳಿದರೆ ಬೈತಾರೆ ಅಂತ ಹೆದರಬೇಡಿ. ನಾನು ಕಂಡ ಒಳ್ಳೆಯ ವೈದ್ಯರೆಲ್ಲ ಪೆನ್ನು ತೆಗೆದು ಆ ಸಾಲಿನ ಕೆಳಗೆ ಗೀಟು ಎಳೆದು ತೋರಿಸುತ್ತಾರೆ.

ಇದರಿಂದ ಎಷ್ಟು ಲಾಭ? ನಿಜ ಹೇಳಿ.

ನಿಜವನ್ನೇ ಹೇಳುತ್ತೇನೆ. ಎರಡನೇ ಗುಂಪಿನವರ ಮೇಲೆ, ಅಂದರೆ ಗ್ರಂಥಿ ಚೊಕ್ಕಟವಿದ್ದು ಗಾತ್ರ, ಆಳ, ಎಲ್‌ವಿಎಸ್‌ಐ ತೊಂದರೆ ಇದ್ದವರ ಮೇಲೆ, ಅಮೆರಿಕದಲ್ಲಿ ಒಂದು ದೊಡ್ಡ ಅಧ್ಯಯನ ನಡೆಯಿತು. 1999ರಲ್ಲಿ ಫಲಿತಾಂಶ ಬಂತು. ಒಟ್ಟು 277 ಹೆಂಗಸರು. ಆಪರೇಷನ್ ಆದಮೇಲೆ ಏನೂ ಕೊಡದೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 28 ಜನರಿಗೆ ಕಾಯಿಲೆ ಮರಳಿತು. ರೇಡಿಯೇಶನ್ ತೆಗೆದುಕೊಂಡವರಲ್ಲಿ ನೂರಕ್ಕೆ 15. ಹೆಚ್ಚುಕಡಿಮೆ ಅರ್ಧ.

ಆದರೆ ಆಯಸ್ಸು ಹೆಚ್ಚುತ್ತದೆ ಅಂತ ಆ ಅಧ್ಯಯನ ಖಚಿತವಾಗಿ ತೋರಿಸಲಿಲ್ಲ. ಮುಂದೆ ಹಲವು ವರ್ಷ ಗಮನಿಸಿದರೂ ಅಂತರ ಅಷ್ಟು ಗಟ್ಟಿಯಾಗಿ ಬರಲಿಲ್ಲ. ಈ ಮಾತನ್ನು ಯಾರೂ ನಿಮ್ಮಿಂದ ಮುಚ್ಚಿಡಬಾರದು. ಕಾಯಿಲೆ ಮರಳುವುದೇ ಒಂದು ದೊಡ್ಡ ಕಷ್ಟ. ಕಿಬ್ಬೊಟ್ಟೆಯಲ್ಲಿ ಮತ್ತೆ ಬಂದ ಕ್ಯಾನ್ಸರನ್ನು ಗುಣಪಡಿಸುವುದು ಮೊದಲ ಸಲದಷ್ಟು ಸುಲಭವಲ್ಲ. ಅದಕ್ಕೇ ನನ್ನ ಅಕ್ಕನಿಗೆ ‘ತಗೋ’ ಅಂತಲೇ ಹೇಳಿದೆ. ಆದರೆ ಅಡ್ಡಪರಿಣಾಮವೂ ಇದೆ, ಅದನ್ನೂ ತಿಳಿದುಕೊಂಡು ಒಪ್ಪಬೇಕು.

ಕೀಮೋ ಕೂಡ ಬೇಕಾ?

ಗ್ರಂಥಿ, ಪಕ್ಕದ ಅಂಗಾಂಶ, ಅಂಚು, ಈ ಮೂರರಲ್ಲಿ ಯಾವುದಾದರೂ ಇದ್ದರೆ ಹೌದು. 2000ದಲ್ಲಿ ಬಂದ ಅಧ್ಯಯನದಲ್ಲಿ ಬರೀ ರೇಡಿಯೇಶನ್ ತೆಗೆದುಕೊಂಡವರಲ್ಲಿ ನಾಲ್ಕು ವರ್ಷದ ಹೊತ್ತಿಗೆ ನೂರಕ್ಕೆ 71 ಜನ ಬದುಕಿದ್ದರು. ಕೀಮೋ ಸೇರಿಸಿದವರಲ್ಲಿ 81. ಈಗ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧಿ, ವಾರಕ್ಕೊಂದು ಡ್ರಿಪ್. ಈ ಡೋಸಿಗೆ ತಲೆಗೂದಲು ಪೂರ್ತಿ ಉದುರುವುದು ಅಪರೂಪ. ಕಿಡ್ನಿ ಪರೀಕ್ಷೆ ಮಾತ್ರ ತಪ್ಪಿಸಬಾರದು.

ಗಾತ್ರ, ಆಳದ ಕಾರಣಕ್ಕೆ ರೇಡಿಯೇಶನ್ ಪಡೆಯುವ ಗುಂಪಿಗೆ ಕೀಮೋ ಸೇರಿಸಿದ್ದರಿಂದ ಲಾಭ ಕಾಣಲಿಲ್ಲ ಅಂತ 2025ರಲ್ಲಿ ಒಂದು ದೊಡ್ಡ ಅಧ್ಯಯನ ಹೇಳಿತು. ಹಾಗಾಗಿ ‘ನನಗೆ ಕೀಮೋ ಕೊಡಲಿಲ್ಲ, ಮೋಸ ಆಯ್ತು’ ಅಂದುಕೊಳ್ಳಬೇಡಿ.

ಕೊನೆಗೆ ಕರೆಂಟೇ ಬೇಕು ಅಂದಮೇಲೆ ಆಪರೇಷನ್ ಯಾಕೆ ಮಾಡಿದರು?

ಈ ಪ್ರಶ್ನೆ ಕೇಳುವವರ ಕಣ್ಣಲ್ಲಿ ನೀರಿರುತ್ತದೆ. ನ್ಯಾಯವಾದ ಪ್ರಶ್ನೆ ಅದು. ಮೊದಲ ಹಂತದಲ್ಲಿ ಆಪರೇಷನ್ನಿಗೂ ರೇಡಿಯೇಶನ್ನಿಗೂ ಗುಣವಾಗುವ ಸಾಧ್ಯತೆ ಸಮ ಅಂತ ಇಟಲಿಯಲ್ಲಿ ನಡೆದ ಅಧ್ಯಯನ 1997ರಲ್ಲೇ ತೋರಿಸಿತ್ತು. ಎರಡೂ ಒಟ್ಟಿಗೆ ಆದರೆ ಕಾಲು ಊತ, ಕರುಳಿನ ತೊಂದರೆ, ಮೂತ್ರದ ತೊಂದರೆ ಜಾಸ್ತಿ. ಅದಕ್ಕೇ ಒಂದರಲ್ಲೇ ಮುಗಿಸಬೇಕು ಅಂತ ವೈದ್ಯರು ಮೊದಲೇ ಎಂಆರ್‌ಐ ಎಲ್ಲ ಮಾಡಿಸಿ ಅಳೆಯುತ್ತಾರೆ. ಆದರೂ ಗ್ರಂಥಿಯೊಳಗಿನ ಸೂಜಿಮೊನೆಯಷ್ಟು ಕ್ಯಾನ್ಸರ್ ಸ್ಕ್ಯಾನಿಗೆ ಸಿಗುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಮಾತ್ರ ಸಿಗುತ್ತದೆ.

ಇದರಿಂದ ಇನ್ನೂ ಆಪರೇಷನ್ ಆಗದವರಿಗೆ ಒಂದು ಮಾತು. ಗಡ್ಡೆ ದೊಡ್ಡದಿದೆ ಅಂತ ಗೊತ್ತಿದ್ದರೆ, ಆಪರೇಷನ್ನಿಗೆ ಮೊದಲೇ ರೇಡಿಯೇಶನ್ ವೈದ್ಯರನ್ನೂ ಒಂದು ಸಲ ನೋಡಿ. ಬಿಳಿ ಹೋಗುತ್ತದೆ, ರಕ್ತ ಹೋಗುತ್ತದೆ ಅಂದ ಕೂಡಲೇ ಪರೀಕ್ಷೆ ಮಾಡದೆ ಗರ್ಭಕೋಶ ತೆಗೆಯುವುದನ್ನು ನಾನು ಬಹಳ ಕಂಡಿದ್ದೇನೆ. ಆಮೇಲೆ ರಿಪೋರ್ಟಿನಲ್ಲಿ ಕ್ಯಾನ್ಸರ್ ಅಂತ ಬರುತ್ತದೆ. ಆ ಹೆಂಗಸಿಗೆ ಆಗಿರುವುದು ಕ್ಯಾನ್ಸರಿನ ಆಪರೇಷನ್ ಅಲ್ಲ, ಸಾಮಾನ್ಯ ಆಪರೇಷನ್. ಎಷ್ಟು ಸಂಕಟ ಆಗುತ್ತದೆ ಗೊತ್ತಾ? ಮೊದಲು ಗರ್ಭಕಂಠದ ಬಯಾಪ್ಸಿ, ಆಮೇಲೆ ಕತ್ತರಿ. ಕೇಳಿ ಪಡೆಯಿರಿ.

ಯಾವಾಗ ಶುರು ಮಾಡಬೇಕು?

ಗಾಯ ಒಣಗಿದ ಮೇಲೆ, ಸಾಮಾನ್ಯವಾಗಿ 4ರಿಂದ 6 ವಾರಕ್ಕೆ. 8 ವಾರ ದಾಟದ ಹಾಗೆ ನೋಡಿಕೊಳ್ಳಿ. ನನ್ನ ಅಕ್ಕನ ರಿಪೋರ್ಟ್ ಒಂದು ಆಸ್ಪತ್ರೆಯ ಡ್ರಾಯರಿನಲ್ಲಿ ಮೂರು ವಾರ ಸುಮ್ನೆ ಬಿದ್ದಿತ್ತು. ‘ಬಂದಿಲ್ಲ, ನಾಳೆ ಬನ್ನಿ’ ಅನ್ನುತ್ತಲೇ ಇದ್ದರು. ನಾನೇ ರಜೆ ಹಾಕಿ ಹೋಗಿ ಕೇಳಿದಾಗ ಐದು ನಿಮಿಷಕ್ಕೆ ಸಿಕ್ಕಿತು. ಹತ್ತು ದಿನವಾದರೂ ರಿಪೋರ್ಟ್ ಬರಲಿಲ್ಲ ಅಂದರೆ ಮನೆಯವರನ್ನು ಕಳಿಸಿ. ಫೋನಿನಲ್ಲಿ ಕೇಳಿ ಬಿಡಬೇಡಿ.

ಮೊದಲ ದಿನ ಏನು ಮಾಡುತ್ತಾರೆ?

ಮೊದಲ ದಿನ ಕರೆಂಟ್ ಇಲ್ಲ, ಅಳತೆ ಮಾತ್ರ. ಟೈಲರ್ ಬಟ್ಟೆ ಕತ್ತರಿಸುವ ಮೊದಲು ಅಳತೆ ತಗೊಳ್ಳುವ ಹಾಗೆ. ಗಟ್ಟಿ ಮೇಜಿನ ಮೇಲೆ ಮಲಗಿಸಿ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಕೆಲವು ಕಡೆ ಬಿಸಿನೀರಿನಲ್ಲಿ ಮೆತ್ತಗಾದ ಬಲೆಯಂಥ ಪ್ಲಾಸ್ಟಿಕ್ ಹಾಳೆಯನ್ನು ಹೊಟ್ಟೆ, ಸೊಂಟದ ಮೇಲೆ ಹೊದಿಸುತ್ತಾರೆ. ತಣ್ಣಗಾದಾಗ ನಿಮ್ಮ ಮೈಯ ಅಚ್ಚು ಆಗುತ್ತದೆ. ಅದರ ಮೇಲೆ ನಿಮ್ಮ ಹೆಸರು ಬರೆದು ಗೋಡೆಗೆ ನೇತುಹಾಕುತ್ತಾರೆ. ಆಮೇಲೆ ಚರ್ಮದ ಮೇಲೆ ಗುರುತು. ಕೆಲವರು ಸೂಜಿಯಿಂದ ಹಚ್ಚೆಯ ಚುಕ್ಕೆ ಇಡುತ್ತಾರೆ, ಕೆಲವರು ಇಂಕಿನಲ್ಲಿ ಗೀಟು ಎಳೆಯುತ್ತಾರೆ.

ಆ ಇಂಕು ಅಳಿಸಬಾರದು. ಅಕ್ಕ ಅದನ್ನು ಕುಂಕುಮ ಕಾಯ್ದ ಹಾಗೆ ಕಾಯ್ದಳು. ಸ್ನಾನಕ್ಕೆ ಕೂತರೆ ಚೊಂಬಿನಲ್ಲಿ ಭುಜದಿಂದ ನಿಧಾನಕ್ಕೆ ನೀರು ಬಿಟ್ಟುಕೊಂಡು, ಗೀಟಿನ ಮೇಲೆ ಟವೆಲನ್ನು ಒತ್ತಿ ತೆಗೆಯುತ್ತಿದ್ದಳು, ಉಜ್ಜುತ್ತಿರಲಿಲ್ಲ. ಸೀರೆ ಬಿಟ್ಟು ಸಡಿಲ ನೈಟಿ ಹಾಕಿದಳು, ಲಂಗದ ಲಾಡಿ ಗೀಟಿಗೆ ಉಜ್ಜುತ್ತದೆ ಅಂತ. ಎಣ್ಣೆ, ಅರಿಶಿನ, ಸೀಗೆಪುಡಿ ಆ ಜಾಗಕ್ಕೆ ಬೇಡ. ಗುರುತು ಮಸುಕಾದರೆ ನೀವೇ ಪೆನ್ನಿನಲ್ಲಿ ತಿದ್ದಬೇಡಿ, ನಮಗೆ ಹೇಳಿ.

ದಿನಾ ನೀರು ಕುಡಿದು ಕಾಯಲು ಹೇಳುತ್ತಾರಲ್ಲ, ಅದು ಯಾಕೆ?

ಹೆಂಗಸರು ಜಾಸ್ತಿ ಬೇಸರ ಪಡುವುದು ಇದಕ್ಕೇ. ಗರ್ಭಕೋಶ ತೆಗೆದ ಮೇಲೆ ಅಲ್ಲಿ ಜಾಗ ಖಾಲಿಯಾಗುತ್ತದೆ. ಸಣ್ಣ ಕರುಳು ಆ ಜಾಗಕ್ಕೆ ಜಾರಿ ಇಳಿಯುತ್ತದೆ. ರೇಡಿಯೇಶನ್ ಬೀಳುವುದು ಅಲ್ಲಿಗೇ. ಮೂತ್ರಕೋಶ ತುಂಬಿದ್ದರೆ ಬಲೂನಿನ ಹಾಗೆ ಉಬ್ಬಿ ಕರುಳನ್ನು ಮೇಲಕ್ಕೆ ತಳ್ಳುತ್ತದೆ. ಕರುಳಿಗೆ ಏಟು ಕಡಿಮೆ. ನೀವು ಹಿಡಿದುಕೊಂಡ ಆ ಅರ್ಧ ಗಂಟೆ ಮುಂದೆ ಭೇದಿ ಕಡಿಮೆ ಮಾಡುತ್ತದೆ.

ಸಾಮಾನ್ಯವಾಗಿ ಮೊದಲು ಮೂತ್ರಕ್ಕೆ ಹೋಗಿಬಂದು, ಅರ್ಧ ಲೀಟರ್‌ನಷ್ಟು ನೀರು ಕುಡಿದು, ಅರ್ಧ ಮುಕ್ಕಾಲು ಗಂಟೆ ಕಾಯಬೇಕು. ನಿಮ್ಮ ಆಸ್ಪತ್ರೆಯ ಲೆಕ್ಕವನ್ನೇ ಪಾಲಿಸಿ. ಒಂದೇ ಅಳತೆಯ ಬಾಟಲಿ ಇಟ್ಟುಕೊಂಡರೆ ದಿನಾ ಒಂದೇ ಥರ ತುಂಬುತ್ತದೆ. ಆಪರೇಷನ್ ಆದವರಿಗೆ ಮೂತ್ರ ಹಿಡಿದುಕೊಳ್ಳುವುದು ಕಷ್ಟ, ನನಗೆ ಗೊತ್ತು. ಸೋರಿಹೋದರೆ ನಾಚಿಕೆ ಪಡಬೇಡಿ. ಹೇಳಿ, ಮತ್ತೆ ಕುಡಿದು ಕಾಯೋಣ. ಬೆಳಗ್ಗೆ ಮಲವಿಸರ್ಜನೆ ಆಗಿ ಹೊಟ್ಟೆ ಖಾಲಿಯಾಗುವುದೂ ಅಷ್ಟೇ ಮುಖ್ಯ.

ಯಂತ್ರದ ಬಗೆಯೂ ಕರುಳಿಗೆ ವ್ಯತ್ಯಾಸ ಮಾಡುತ್ತದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಗರ್ಭಕಂಠದ ಕ್ಯಾನ್ಸರಿಗೆ ಆಪರೇಷನ್ ಆದ 300 ಹೆಂಗಸರ ಮೇಲೆ ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದರು. ಹಳೆಯ ವಿಧಾನದಲ್ಲಿ ಮೂರು ವರ್ಷದೊಳಗೆ ನೂರಕ್ಕೆ 42 ಜನರಿಗೆ ಕರುಳಿನ ತಡವಾದ ತೊಂದರೆ ಬಂತು. ದಿನಾ ಸ್ಕ್ಯಾನ್ ನೋಡಿ ಗುರಿ ಸರಿಮಾಡುವ ಐಎಂಆರ್‌ಟಿ ಅನ್ನುವ ಹೊಸ ವಿಧಾನದಲ್ಲಿ 21. ಕ್ಯಾನ್ಸರ್ ಹತೋಟಿ ಎರಡರಲ್ಲೂ ಒಂದೇ. ಸಿಗುವ ಹಾಗಿದ್ದರೆ ಐಎಂಆರ್‌ಟಿ ಕೇಳಿ.

ನೋವಾಗುತ್ತಾ? ಶಾಕ್ ಹೊಡೆಯುತ್ತಾ?

ಇಲ್ಲ. ಹೆಸರಿಗೆ ಮಾತ್ರ ಕರೆಂಟ್. ಎಕ್ಸ್‌ರೇ ತೆಗೆದ ಹಾಗೆಯೇ, ಏನೂ ಗೊತ್ತಾಗುವುದಿಲ್ಲ. ಯಂತ್ರದ ಸದ್ದು ಕೇಳಿಸುತ್ತದೆ, ಕೆಲವೇ ನಿಮಿಷ. ಕೋಣೆಯಲ್ಲಿ ನೀವೊಬ್ಬರೇ ಇದ್ದರೂ ನಾವು ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತೇವೆ. ಕೈ ಎತ್ತಿದರೆ ನಿಲ್ಲಿಸುತ್ತೇವೆ. ವಾರಕ್ಕೆ 5 ದಿನ, ಒಟ್ಟು 25ರಿಂದ 28 ಸಲ. ಒಟ್ಟು ಡೋಸ್ 45ರಿಂದ 50 ಗ್ರೇ (ಕಿರಣದ ಅಳತೆ) ಅಂತ ಫೈಲಿನಲ್ಲಿ ಬರೆದಿರುತ್ತದೆ.

ಮೊಮ್ಮಗುವನ್ನು ಎತ್ತಿಕೊಳ್ಳಬಹುದಾ? ಬೇರೆ ತಟ್ಟೆ ಲೋಟ ಬೇಕಾ?

ಎತ್ತಿಕೊಳ್ಳಿ. ಪಕ್ಕದಲ್ಲಿ ಮಲಗಿಸಿಕೊಳ್ಳಿ. ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಈ ಕ್ಯಾನ್ಸರ್ ಅಂಟುರೋಗವೂ ಅಲ್ಲ. ಬೇರೆ ತಟ್ಟೆ ಇಟ್ಟ ಮನೆಗಳನ್ನು ನೋಡಿದ್ದೇನೆ. ಕಾಯಿಲೆಗಿಂತ ಆ ತಟ್ಟೆಯೇ ಅವರನ್ನು ಜಾಸ್ತಿ ನೋಯಿಸುತ್ತದೆ.

ಒಳಗಿನಿಂದಲೂ ಕೊಡುತ್ತೇವೆ ಅಂದರು. ಅದೇನು?

ಬ್ರಾಕಿಥೆರಪಿ. ಎಲ್ಲರಿಗೂ ಇರುವುದಿಲ್ಲ. ಯೋನಿಯ ತುದಿಯಲ್ಲಿ ಹೊಲಿಗೆ ಹಾಕಿರುವ ಜಾಗಕ್ಕೆ, ಮುಖ್ಯವಾಗಿ ಅಂಚಿನ ಹತ್ತಿರ ಕ್ಯಾನ್ಸರ್ ಇದ್ದವರಿಗೆ. ಬೆರಳಿಗಿಂತ ದಪ್ಪನೆಯ ನುಣುಪಾದ ಕೊಳವೆಯನ್ನು ಒಳಗಿಡುತ್ತಾರೆ. ಕೆಲವು ನಿಮಿಷ ಚಿಕಿತ್ಸೆ, ಆಮೇಲೆ ತೆಗೆಯುತ್ತಾರೆ. ಸಾಮಾನ್ಯವಾಗಿ ಎರಡು ಸಲ. ಸ್ವಲ್ಪ ಒತ್ತಿದ ಹಾಗೆ ಆಗುತ್ತದೆ. ಉಸಿರು ನಿಧಾನಕ್ಕೆ ಬಿಡುತ್ತಾ ತೊಡೆ ಸಡಿಲ ಬಿಟ್ಟರೆ ಸುಲಭ. ಬೇಕಿದ್ದರೆ ಹೆಣ್ಣು ಸಿಬ್ಬಂದಿ ಜೊತೆಗಿರಲಿ ಅಂತ ಕೇಳಿ.

ಮುದ್ದೆ ತಿನ್ನಬಹುದಾ?

ಮುದ್ದೆ ಬಿಟ್ಟು ಬದುಕುವುದು ನಮ್ಮ ಕಡೆಯವರಿಗೆ ಸಾಧ್ಯವಾ! ಹೊಟ್ಟೆ ಸರಿ ಇರುವವರೆಗೆ ತಿನ್ನಿ. ಎರಡನೇ ಮೂರನೇ ವಾರಕ್ಕೆ ಭೇದಿ ಶುರುವಾಗಬಹುದು. ಆಗ ಮುದ್ದೆ ಕಡಿಮೆ ಮಾಡಿ ಮೆತ್ತನೆ ಅನ್ನ, ಇಡ್ಲಿ, ಗಂಜಿ, ನೀರು ಮಜ್ಜಿಗೆ, ಬಾಳೆಹಣ್ಣಿಗೆ ಬನ್ನಿ. ಅವರೆಕಾಳು, ಹುರುಳಿಕಾಳು, ಎಲೆಕೋಸು ಹೊಟ್ಟೆಯಲ್ಲಿ ಗಾಳಿ ತುಂಬಿಸುತ್ತವೆ, ಹಾಗಾಗಿ ಅವರೆಕಾಯಿ ಕಾಲದಲ್ಲಿ ಚಿಕಿತ್ಸೆ ಬಿದ್ದರೆ ಹಿತಕಬೇಳೆ ಸಾರಿಗೆ ಆ ವರ್ಷ ರಜೆ. ಮೊಟ್ಟೆ, ಮೀನು, ಬೇಯಿಸಿದ ಕೋಳಿ ತಿನ್ನಬಹುದು. ಖಾರ ಕಮ್ಮಿ. ದಿನಕ್ಕೆ ನಾಲ್ಕು ಐದು ಸಲ ನೀರಾಗಿ ಹೋದರೆ ಓಆರ್‌ಎಸ್ ಕುಡಿದು ನಮಗೆ ಹೇಳಿ, ಮಾತ್ರೆ ಇದೆ. ಯಾರೋ ಕೊಟ್ಟ ಕಷಾಯ, ಪುಡಿ ವೈದ್ಯರಿಗೆ ಹೇಳದೆ ಬೇಡ, ಕೀಮೋ ಇದ್ದರಂತೂ ಬೇಡವೇ ಬೇಡ.

ರಕ್ತ ಕಡಿಮೆ ಇದ್ದರೆ ಹಿಮೋಗ್ಲೋಬಿನ್ 10ರ ಮೇಲೆ ತರಲು ನೋಡುತ್ತಾರೆ. ಸುಸ್ತು ಇದ್ದೇ ಇರುತ್ತದೆ. ಹಸು ಕರೆಯುವುದು, ಕೊಟ್ಟಿಗೆ ಬಾಚುವುದು ಆ ಎರಡು ತಿಂಗಳು ಬೇರೆಯವರು ನೋಡಿಕೊಳ್ಳಲಿ.

ಕೋಲಾರದಿಂದ ದಿನಾ ಹೋಗಿಬರಬಹುದಾ? ಖರ್ಚು?

ಕೋಲಾರದ ಟಮಕದಲ್ಲಿರುವ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ ರೇಡಿಯೇಶನ್ ವಿಭಾಗ ಇದೆ, ಮೊದಲು ಅಲ್ಲಿ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಕೋಲಾರದಿಂದ ಸುಮಾರು 70 ಕಿಲೋಮೀಟರ್. ಮಾಲೂರು, ಬಂಗಾರಪೇಟೆಯವರು ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹಿಡಿದು ದಿನಾ ಹೋಗಿಬಂದಿದ್ದಾರೆ. ಆದರೆ ಮೂರನೇ ವಾರದ ಭೇದಿಯಲ್ಲಿ ಬಸ್ಸು ರೈಲು ಬಹಳ ಕಷ್ಟ. ಮುಳಬಾಗಿಲಿನ ಆಚೆಯವರು ಉಳಿದುಕೊಳ್ಳುವುದೇ ಮೇಲು. ಕಿದ್ವಾಯಿ ಆವರಣದಲ್ಲಿ ಧರ್ಮಶಾಲೆ ಇದೆ, ದಾಖಲಾದ ದಿನವೇ ಕೇಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜಿನ 30%. ಇಂಥ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಕೋಲಾರದವರು ಎಸ್‌ಎನ್‌ಆರ್ ಆಸ್ಪತ್ರೆಯಲ್ಲಿ ಬರೆಸಿಕೊಳ್ಳಬಹುದು. ಶಕ್ತಿ ಯೋಜನೆಯಿಂದ ಸಾಮಾನ್ಯ ಮತ್ತು ವೇಗದೂತ ಬಸ್ಸು ಹೆಂಗಸರಿಗೆ ಉಚಿತ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವ ಒಬ್ಬರಿಗೂ ಎರಡನೇ ದರ್ಜೆಯಲ್ಲಿ 75% ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಬೇಕು.

ಊರಲ್ಲಿ ಕರಗ, ಎರಡು ದಿನ ಬಿಡಬಹುದಾ?

ಬೇಡ. ಈ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಶನಿವಾರ ಭಾನುವಾರದ ರಜೆ ಲೆಕ್ಕದಲ್ಲೇ ಸೇರಿದೆ. ಅದರ ಮೇಲೆ ನೀವು ಬಿಟ್ಟ ಪ್ರತಿ ದಿನವೂ ಉಳಿದ ಕ್ಯಾನ್ಸರ್ ಕಣ ಚೇತರಿಸಿಕೊಳ್ಳಲು ಸಿಕ್ಕ ದಿನ. ಯಂತ್ರ ಕೆಟ್ಟು ಒಂದು ದಿನ ಹೋದರೆ ನಾವು ಸರಿದೂಗಿಸುತ್ತೇವೆ, ಅದಕ್ಕೆ ಹೆದರಬೇಡಿ. ಮದುವೆ ಇದ್ದರೆ ಮೊದಲೇ ಹೇಳಿ, ಬೆಳಗ್ಗೆ ಮೊದಲ ಸರದಿ ಕೊಟ್ಟು ಕಳಿಸೋಣ.

ಮುಗಿದ ಮೇಲೆ ಗಂಡ ಹೆಂಡತಿ ಸೇರಬಹುದಾ?

ಇದನ್ನು ಯಾರೂ ಜೋರಾಗಿ ಕೇಳುವುದಿಲ್ಲ. ಎಲ್ಲರೂ ಹೋದಮೇಲೆ ಬಾಗಿಲ ಹತ್ತಿರ ನಿಂತು, ಸೆರಗಿನ ತುದಿ ಸುತ್ತುತ್ತಾ, ‘ಸಿಸ್ಟರ್, ಒಂದು ಮಾತು’ ಅನ್ನುತ್ತಾರೆ.

ಸೇರಬಹುದು. ಸುಮಾರು 4ರಿಂದ 6 ವಾರ ಬಿಟ್ಟು, ವೈದ್ಯರು ಒಮ್ಮೆ ನೋಡಿ ಸರಿ ಅಂದಮೇಲೆ. ಗಂಡನಿಗೆ ಏನೂ ತಗಲುವುದಿಲ್ಲ. ಆದರೆ ಆಪರೇಷನ್ನಿನಿಂದ ಯೋನಿ ಸ್ವಲ್ಪ ಗಿಡ್ಡ ಆಗಿರುತ್ತದೆ, ರೇಡಿಯೇಶನ್ನಿನಿಂದ ಒಣಗಿ, ಗೋಡೆಗಳು ಅಂಟಿಕೊಂಡು ಕಿರಿದಾಗುತ್ತವೆ. ಹಾಗಾಗದಂತೆ ತಡೆಯಲು ಡೈಲೇಟರ್ ಅನ್ನುವ ನುಣುಪಾದ ಕೊಳವೆ ಇದೆ. ಚಿಕಿತ್ಸೆ ಮುಗಿದು ಕೆಲವು ವಾರದ ನಂತರ, ನೀರಿನಲ್ಲಿ ತೊಳೆದುಹೋಗುವಂಥ ಜೆಲ್ಲಿ ಹಚ್ಚಿ, ಮಂಡಿ ಮಡಿಸಿ ಮಲಗಿ, ನಿಧಾನಕ್ಕೆ ಒಳಗಿಟ್ಟು ಐದು ಹತ್ತು ನಿಮಿಷ. ವಾರಕ್ಕೆ ಎರಡು ಮೂರು ಸಲ. ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ, ಜಾಸ್ತಿ ಹೋದರೆ ಬನ್ನಿ.

ಗಂಡ ಇಲ್ಲದವರಿಗೂ, ವಯಸ್ಸಾದವರಿಗೂ ಇದು ಬೇಕು. ಒಳಗೆ ಅಂಟಿಕೊಂಡರೆ ಮುಂದೆ ಪರೀಕ್ಷೆ ಮಾಡಲು ಆಗುವುದಿಲ್ಲ, ಕಾಯಿಲೆ ಮರಳಿದರೆ ಗೊತ್ತಾಗುವುದು ತಡವಾಗುತ್ತದೆ. ಯಾರೂ ಹೇಳಿಕೊಡಲಿಲ್ಲ ಅಂದರೆ ನೀವೇ ಕೇಳಿ. ಹೇಳದೆ ಬಿಡುವುದು ನಮ್ಮ ಕಡೆಯ ತಪ್ಪು.

ಇನ್ನೂ ಮೂವತ್ತೆಂಟು ವರ್ಷ. ಮೈ ಬಿಸಿ, ನಿದ್ದೆ ಇಲ್ಲ. ಯಾಕೆ?

ಆಪರೇಷನ್ನಿನಲ್ಲಿ ಅಂಡಾಶಯ ಉಳಿಸಿದ್ದರೂ ರೇಡಿಯೇಶನ್ ಬಿದ್ದರೆ ಅದು ಕೆಲಸ ನಿಲ್ಲಿಸುತ್ತದೆ. ಹಠಾತ್ತನೆ ಮುಟ್ಟು ನಿಲ್ಲುವ ವಯಸ್ಸು ಬಂದ ಹಾಗೆ. ಸಣ್ಣ ವಯಸ್ಸಿನವರಿಗೆ ಕೆಲವೊಮ್ಮೆ ಆಪರೇಷನ್ನಿನಲ್ಲೇ ಅಂಡಾಶಯವನ್ನು ಮೇಲಕ್ಕೆ ಎತ್ತಿ ಹೊಲಿಯುತ್ತಾರೆ, ಕಿರಣದಿಂದ ದೂರ ಇರಲಿ ಅಂತ. ತಡೆಯಲಾಗದಿದ್ದರೆ ಹಾರ್ಮೋನ್ ಮಾತ್ರೆ ಕೊಡಬಹುದಾ ಅಂತ ಕೇಳಿ. ಈ ಕ್ಯಾನ್ಸರಿನ ಸಾಮಾನ್ಯ ಬಗೆಯಾದ ಸ್ಕ್ವಾಮಸ್‌ಗೆ ಅದು ಅಡ್ಡಿಯಲ್ಲ. ಮೂಳೆಗೂ ಒಳ್ಳೆಯದು.

ಆಮೇಲೆ ಎಷ್ಟು ದಿನ ಬರಬೇಕು? ಯಾವುದಕ್ಕೆ ಹೆದರಬೇಕು?

ಮೊದಲ ಎರಡು ವರ್ಷ 3 ತಿಂಗಳಿಗೊಮ್ಮೆ, ಐದು ವರ್ಷದವರೆಗೆ 6 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮಧ್ಯೆ ಯೋನಿಯಿಂದ ರಕ್ತ, ವಾಸನೆಯ ನೀರು, ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ, ಒಂದೇ ಕಾಲು ಊದಿಕೊಳ್ಳುವುದು, ಸೊಂಟದಲ್ಲಿ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೆ ತಾರೀಕು ಬರುವವರೆಗೆ ಕಾಯಬೇಡಿ. ಇವೆಲ್ಲ ಕ್ಯಾನ್ಸರೇ ಆಗಿರಬೇಕಿಲ್ಲ. ಎಷ್ಟೋ ಸಲ ರೇಡಿಯೇಶನ್ನಿನ ತಡವಾದ ಪರಿಣಾಮ ಇರುತ್ತದೆ, ಔಷಧಿ ಇದೆ. ಗ್ರಂಥಿ ತೆಗೆದದ್ದರಿಂದ ಬರುವ ಕಾಲೂತಕ್ಕೆ ಮಲಗುವಾಗ ಕಾಲಿನ ಕೆಳಗೆ ದಿಂಬು ಇಡಿ, ಬರಿಗಾಲಲ್ಲಿ ಹೊಲಕ್ಕೆ ಇಳಿಯಬೇಡಿ. ಮುಳ್ಳು ಚುಚ್ಚಿದರೂ ಕಾಲು ಕೆಂಪಗಾಗಿ ಜ್ವರ ಬರಬಹುದು.

ಬರುವಾಗ ಹಳೆಯ ಫೈಲ್ ಪೂರ್ತಿ ತನ್ನಿ. ಅಕ್ಕ ತನ್ನದನ್ನು ಹಾಲಿನ ಡೈರಿ ಪಾಸ್‌ಬುಕ್ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾಳೆ. ಹೋದ ತಿಂಗಳು ವರ್ಷದ ಚೆಕಪ್ಪಿಗೆ ಬಂದಾಗಲೂ ಅದೇ ಕವರು ಹಿಡಿದು, ಬಯಾಪ್ಸಿ ರಿಪೋರ್ಟನ್ನು ಎಲ್ಲದಕ್ಕಿಂತ ಮೇಲೆ ಇಟ್ಟುಕೊಂಡು ಬಂದಿದ್ದಳು.